ಬೆಂಗಳೂರಿಂದ ಹಗಲು ವಿಮಾನ: ಎ ಸೀಟೋ ಎಫ್ ಸೀಟೋ, ಯಾವ ಸಾಲು, ಏನೇನು ಕಾಣುತ್ತೆ?

ಕಿಟಕಿ_ಹುಡುಕಾಟ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಎರಡು ಹಗಲು ಪ್ರಯಾಣ ಇದೆ. ಬೆಂಗಳೂರು–ಮುಂಬೈ ಬೆಳಿಗ್ಗೆ 8ರ ಹೊತ್ತಿಗೆ, ಏರ್‌ಬಸ್ ಎ320. ಆಮೇಲೆ ಬೆಂಗಳೂರು–ಮಂಗಳೂರು ಮಧ್ಯಾಹ್ನ, ಎಟಿಆರ್ 72 (ಪ್ರೊಪೆಲ್ಲರ್ ಇರೋ ಸಣ್ಣ ವಿಮಾನ). ಕಿಟಕಿ ಸೀಟಿಗೆ ಹೆಚ್ಚು ದುಡ್ಡು ಕೊಡೋದಕ್ಕೆ ಅಡ್ಡಿಯಿಲ್ಲ. ಆದರೆ ಕೊಟ್ಟ ಮೇಲೆ ಬರೀ ರೆಕ್ಕೆ ನೋಡ್ಕೊಂಡು ಕೂರೋ ಹಾಗಾಗಬಾರದು. ಯಾವ ಕಡೆ, ಯಾವ ಸಾಲು? ಕೆಳಗೆ ಕಾಣೋ ಕೆರೆ, ಡ್ಯಾಮು, ಬೆಟ್ಟ ಯಾವುದು ಅಂತ ಗುರುತು ಹಿಡಿಯೋದು ಹೇಗೆ?

ರಿವೆಟ್
ಮೊದಲು ಸಾಲು ತೀರ್ಮಾನ ಮಾಡಿ, ಕಡೆ ಆಮೇಲೆ. 180–186 ಸೀಟಿನ ಎ320ರಲ್ಲಿ ಸುಮಾರು 9ರಿಂದ 20ನೇ ಸಾಲಿನವರೆಗೆ ನೇರ ಕೆಳಗಿನ ನೋಟವನ್ನು ರೆಕ್ಕೆ ತಿನ್ನುತ್ತೆ. 12, 13 ತುರ್ತು ಬಾಗಿಲಿನ ಸಾಲುಗಳು. ಕಾಲು ಚಾಚೋಕೆ ಜಾಗ ಇದೆ ಅಂತ ದುಡ್ಡು ಜಾಸ್ತಿ ತಗೋತಾರೆ, ನೆಲ ನೋಡೋರಿಗೆ ಅದೇ ಕೆಟ್ಟ ಜಾಗ. 8ನೇ ಸಾಲಿನ ಹತ್ತಿರ ಎಂಜಿನ್ನಿನ ಮೂತಿ ಅಡ್ಡ ಬರುತ್ತೆ. ಹಾಗಾಗಿ 3ರಿಂದ 6, ಇಲ್ಲಾಂದ್ರೆ 23ರಿಂದ ಹಿಂದೆ.

ಹಿಂದೆ ಕೂತರೆ ಒಂದು ತೊಂದರೆ ಇದೆ. ಎಂಜಿನ್ನಿನಿಂದ ಹೊರಬೀಳೋ ಬಿಸಿ ಗಾಳಿ ಕಿಟಕಿಯಿಂದ ಮುಂದಕ್ಕೆ, ಕೆಳಕ್ಕೆ ನೋಡೋ ನೋಟಕ್ಕೆ ಸರಿಯಾಗಿ ಅಡ್ಡ ಬಂದು, ದೂರದ್ದೆಲ್ಲ ನೀರಿನಲ್ಲಿ ಕಂಡ ಹಾಗೆ ಅಲುಗುತ್ತೆ. ಕಣ್ಣಿಗೆ ಅಷ್ಟಾಗಿ ಗೊತ್ತಾಗಲ್ಲ, ಜೂಮ್ ಹಾಕಿ ತೆಗೆದ ಫೋಟೋದಲ್ಲಿ ಗೊತ್ತಾಗುತ್ತೆ. ಫೋಟೋ ಮುಖ್ಯ ಆದ್ರೆ ಮುಂದಿನ ಸಾಲೇ ಸರಿ.

ಸೀಟಿನ ನಕ್ಷೆಯಲ್ಲಿ ಕಿಟಕಿ ಅಂತ ತೋರಿಸಿದ ಮಾತ್ರಕ್ಕೆ ಕಿಟಕಿ ನಿಮ್ಮ ಭುಜದ ಪಕ್ಕಕ್ಕೇ ಬರುತ್ತೆ ಅಂತ ಇಲ್ಲ. ಎ320ರ ಮೈಕಟ್ಟಿನ ಪಟ್ಟಿಗಳ ನಡುವಿನ ಅಂತರ 21 ಇಂಚು, ಆ ಲೆಕ್ಕದಲ್ಲೇ ಕಿಟಕಿಗಳು. ಸೀಟಿನ ಸಾಲುಗಳ ಅಂತರ 28–30 ಇಂಚು. ಎರಡೂ ತಾಳೆ ಆಗಲ್ಲ. ಅದಕ್ಕೇ ಒಂದು ಸಾಲಿಗೆ ಎರಡು ಕಿಟಕಿ ಸಿಕ್ಕರೆ ಇನ್ನೊಂದಕ್ಕೆ ಗೋಡೆ ಬರುತ್ತೆ. ಬೋಯಿಂಗ್ 737 ಸಿಕ್ಕರೆ ಎಡಗಡೆ 10–11ನೇ ಸಾಲಿನ ಆಸುಪಾಸು ಬೇಡ. ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಅಲ್ಲೇ ಮೇಲಕ್ಕೆ ಹೋಗೋದ್ರಿಂದ ಒಂದು ಕಡೆ ಕಿಟಕಿಯೇ ಇಟ್ಟಿರಲ್ಲ.

ಎಟಿಆರ್ ಲೆಕ್ಕ ಬೇರೆ. ರೆಕ್ಕೆ ತಲೆ ಮೇಲಿರೋದ್ರಿಂದ ಯಾವ ಸಾಲಿನಲ್ಲಿ ಕೂತರೂ ನೆಲ ಕಾಣುತ್ತೆ. ಎರಡೆರಡು ಸೀಟು, ಎ (ಎಡ) ಮತ್ತು ಎಫ್ (ಬಲ) ಕಿಟಕಿ. ಮುಂದಿನ ಅರ್ಧದಲ್ಲಿ ಪ್ರೊಪೆಲ್ಲರ್ ಕಣ್ಣಿಗೆ ಬೀಳುತ್ತೆ, ಸದ್ದೂ ಅಲ್ಲೇ ಜಾಸ್ತಿ. 13ರಿಂದ ಹಿಂದೆ ತಗೊಳ್ಳಿ. ಹತ್ತೋ ಬಾಗಿಲು ಹಿಂದೇ ಇರೋದ್ರಿಂದ ಇಳಿಯೋಕೂ ಸಲೀಸು.

ಅಚ್ಚುಕಟ್ಟು
ಕಡೆ ಆರಿಸೋಕೆ ಸೂರ್ಯನ ಲೆಕ್ಕ ಹಾಕಿ. ಸೂರ್ಯ ಇರೋ ಕಡೆ ಕೂತರೆ ಕಿಟಕಿಯ ಗೀರು, ಕೊಳೆ ಎಲ್ಲ ಬೆಳಗಿ ನೆಲ ಮಸುಕಾಗುತ್ತೆ. ನೆರಳಿನ ಕಡೆ ಬೆಳಕು ನಿಮ್ಮ ಬೆನ್ನ ಹಿಂದಿಂದ ನೆಲಕ್ಕೆ ಬೀಳುತ್ತೆ, ಮಣ್ಣಿನ ಬಣ್ಣ ಬಣ್ಣವಾಗೇ ಕಾಣುತ್ತೆ. ಉತ್ತರಕ್ಕೆ ಹೋಗೋ ವಿಮಾನಕ್ಕೆ ಬೆಳಿಗ್ಗೆ ಎ, ಸಂಜೆ ಎಫ್. ಪಶ್ಚಿಮಕ್ಕೆ ಹೋಗೋದಾದ್ರೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಆದ್ದರಿಂದ ಹೆಚ್ಚುಕಮ್ಮಿ ಇಡೀ ದಿನ ಎಫ್ ಕಡೆಯೇ ನೆರಳು. ನಿಮ್ಮ ಮಂಗಳೂರು ವಿಮಾನಕ್ಕೆ ಕಣ್ಣು ಮುಚ್ಚಿ ಎಫ್.

ಬಿಸಿಲಕೋಲು
ಅಚ್ಚುಕಟ್ಟು ಅವರೇ, ಬಣ್ಣದ ವಿಷಯ ಒಪ್ತೀನಿ. ಆದರೆ ದಕ್ಷಿಣ ಕರ್ನಾಟಕದ ಮೇಲೆ ಹಾರುವಾಗ ಸೂರ್ಯನ ಕಡೆ ಕೂರೋದಕ್ಕೂ ಒಂದು ಕಾರಣ ಇದೆ, ಕೆರೆಗಳು. ಸೂರ್ಯ ದಿಗಂತದಿಂದ ಎಷ್ಟು ಮೇಲಿದ್ದಾನೋ ಅಷ್ಟೇ ಕೋನ ದಿಗಂತದ ಕೆಳಗೆ ಒಂದು ಜಾಗ ಗುರುತು ಮಾಡಿಕೊಳ್ಳಿ. ವಿಮಾನ ಸಾಗ್ತಾ ಇದ್ದ ಹಾಗೆ ಆ ಜಾಗಕ್ಕೆ ಬಂದ ಪ್ರತಿ ನೀರೂ ಒಂದು ಕ್ಷಣ ಬೆಳ್ಳಿ ಹಾಗೆ ಹೊಳೆದು ಆರಿಹೋಗುತ್ತೆ. ಕೆರೆ, ಕೃಷಿಹೊಂಡ, ನೀರು ನಿಂತ ಗದ್ದೆ, ಯಾವುದೂ ತಪ್ಪಿಸಿಕೊಳ್ಳಲ್ಲ. ಕೋಲಾರ, ತುಮಕೂರು ಕಡೆ ಎಷ್ಟು ಕೆರೆಗಳಲ್ಲಿ ನಿಜವಾಗಿ ನೀರಿದೆ ಅಂತ ತಿಳಿಯೋಕೆ ಇದಕ್ಕಿಂತ ನೇರ ದಾರಿ ಇಲ್ಲ. ನೆರಳಿನ ಕಡೆಯಿಂದ ನೋಡಿದ್ರೆ ತುಂಬಿದ ಕೆರೆಗೂ ಹಸಿರು ಅಡರಿದ ಕೆರೆಗೂ ವ್ಯತ್ಯಾಸ ತಿಳಿಯೋದು ಕಷ್ಟ.

ನೆರಳಿನ ಕಡೆಗೂ ಅದರದ್ದೇ ಬಹುಮಾನ ಇದೆ. ಕೆಳಗೆ ಮೋಡ ಇದ್ದರೆ ವಿಮಾನದ ನೆರಳು ಬೀಳೋ ಜಾಗವನ್ನು ಹುಡುಕಿ. ಅದರ ಸುತ್ತ ಬಣ್ಣದ ಉಂಗುರಗಳು ಕಾಣುತ್ತವೆ, ಇದನ್ನೇ ಗ್ಲೋರಿ ಅನ್ನೋದು. ಮೋಡದ ಸಣ್ಣ ನೀರಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸೋದ್ರಿಂದ ಆಗೋದು. ಮೋಡ ಹತ್ತಿರ ಇದ್ದು ವಿಮಾನದ ಆಕಾರ ಸ್ಪಷ್ಟವಾಗಿದ್ದರೆ ಉಂಗುರದ ನಡು ಎಲ್ಲಿದೆ ನೋಡಿ, ನೀವು ಕೂತಿರೋ ಸಾಲು ಸರಿಯಾಗಿ ಅದೇ. ಪಕ್ಕದ ಸಾಲಿನವರಿಗೆ ಉಂಗುರದ ನಡು ಅವರ ಸಾಲಿಗೇ ಬರುತ್ತೆ.

ಮಲಪ್ರಭಾ_ತೀರ
ಮುಂಬೈ ದಾರಿ ಬಗ್ಗೆ ಹೇಳ್ತೀನಿ ನೋಡ್ರಿ. ದೇವನಹಳ್ಳಿಯಿಂದ ಮುಂಬೈಗೆ ನೇರ ಗೆರೆ ಎಳೆದ್ರ ಅದು ಕೊಪ್ಪಳ, ಗದಗ ನಡುವ ಹಾದು ಹೋಗ್ತೈತಿ. ಖರೇ ವಿಮಾನ ದಿನಾ ಒಂದೀಟು ಅತ್ತಿತ್ತ ಆಗತಾವು. ಹಿಂದಿನ ವಾರದ ಅದೇ ನಂಬರಿನ ವಿಮಾನ ಎಲ್ಲಿ ಹೋಗೇತಿ ಅಂತ ಫ್ಲೈಟ್‌ರಾಡಾರ್24ನಾಗ ನೋಡಿ ಇಟ್ಕೋರಿ, 7 ದಿನದ ಜಾಡು ಪುಕ್ಕಟೆ ಸಿಗತೈತಿ.

ಎಡಕ್ಕ, ಅಂದ್ರ ಎ ಕಡೆ: ಮೊದಲು ದೂರದಾಗ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ, ಅಂದ್ರ ಮಾರಿಕಣಿವೆ ಡ್ಯಾಮು. ಆಮೇಲೆ ಮಲಪ್ರಭಾದ ನವಿಲುತೀರ್ಥ, ಅದರ ಬೆನ್ನಿಗೆ ಘಟಪ್ರಭಾದ ಹಿಡಕಲ್. ಹೊಂಟು 50 ನಿಮಿಷದ ಸುಮಾರಿಗೆ, ವಿಮಾನ ಇಳಿಯೂದು ಶುರು ಮಾಡೂ ಹೊತ್ತಿಗೆ, ಸಹ್ಯಾದ್ರಿ ನಡುವ ದಕ್ಷಿಣೋತ್ತರ ಉದ್ದಕ ಮಲಗಿದ ಕೊಯ್ನಾ ಜಲಾಶಯ.

ಬಲಕ್ಕ, ಎಫ್ ಕಡೆ: 25–30 ನಿಮಿಷಕ್ಕ ತುಂಗಭದ್ರಾ ಡ್ಯಾಮು. ತುಂಬಿದಾಗ 378 ಚದರ ಕಿಲೋಮೀಟರ್ ನೀರು, ಹೊಸಪೇಟೆ ಕಡೆ ಸಣ್ಣ ಗುಡ್ಡದ ನಡುವ ಕಟ್ಟಿ ಕಟ್ಟ್ಯಾರ, ಅದರ ಹಿಂದ ಬೀಸಣಿಗಿಯಂಗ ಅಗಲಕ ಹರಡೇತಿ. ಇನ್ನೂ ಆಚೆ ನೋಡಿದ್ರ ಸಂಡೂರು ಗುಡ್ಡದಾಗ ಗಣಿಯ ಕೆಂಪು ಮೆಟ್ಟಿಲು. ಮತ್ತ ಹತ್ತು ನಿಮಿಷ ಹೋದ್ರ ದೂರದಾಗ ಆಲಮಟ್ಟಿ, ಹವಾ ಸ್ವಚ್ಛ ಇದ್ರ ಮಾತ್ರ.

ಡ್ಯಾಮಿಗಿಂತ ಮುಖ್ಯ ಅಂದ್ರ ಮಣ್ಣು ನೋಡ್ರಿ. ಚಿತ್ರದುರ್ಗದ ತನಕ ಕೆಂಪು ಮಣ್ಣು, ಗುಂಡುಕಲ್ಲಿನ ಗುಡ್ಡ, ಸಣ್ಣ ಸಣ್ಣ ಹೊಲ. ಗದಗ ಸೀಮಿ ಬರೂದ್ರಾಗ ಎರೆ ಮಣ್ಣು ಶುರು. ಡಿಸೆಂಬರ್‌ನಾಗ ಹಿಂಗಾರಿ ಜೋಳ, ಕಡ್ಲಿ ನಿಂತಿರ್ತಾವು, ಕಪ್ಪು ನೆಲದ ಮ್ಯಾಲೆ ಹಸಿರು ಪಟ್ಟಿ. ಕೃಷ್ಣಾ ದಾಟಿದ ಮ್ಯಾಲೆ ಗುಡ್ಡದ ತಲಿ ಎಲ್ಲಾ ಚಪ್ಪಟೆ ಆಗತಾವು, ಅದು ಲಾವಾ ಪದರ ಪದರವಾಗಿ ಕೂತು ಆದ ದಖ್ಖನ್ ಬಸಾಲ್ಟ್ ನೆಲ. ಇಷ್ಟು ಬದಲಾವಣಿ ಒಂದು ತಾಸಿನಾಗ.

ಕಿಟಕಿ_ಹುಡುಕಾಟ
ಬಹಳ ಉಪಕಾರ ಸರ್. ಹಾಗಾದ್ರೆ ಮುಂಬೈಗೆ ಎ ತಗೊಂಡ್ರೆ ತುಂಗಭದ್ರಾ ತಪ್ಪುತ್ತೆ, ಎಫ್ ತಗೊಂಡ್ರೆ ಬಿಸಿಲು ಕಣ್ಣಿಗೆ. ಯಾವುದು ಬಿಡೋದು?

ಬಿಸಿಲಕೋಲು
ಬೆಳಿಗ್ಗೆ 8ರ ವಿಮಾನಕ್ಕೆ ಬಿಸಿಲಿನ ಭಯ ಬೇಡ. ಮುಂಬೈ ದಿಕ್ಕು ವಾಯವ್ಯ. ಡಿಸೆಂಬರ್‌ನಲ್ಲಿ 8:30ಕ್ಕೆ ಸೂರ್ಯ ಆಗ್ನೇಯದಲ್ಲಿ, ಸುಮಾರು 25 ಡಿಗ್ರಿ ಎತ್ತರದಲ್ಲಿರ್ತಾನೆ. ಅಂದ್ರೆ ಹೆಚ್ಚುಕಮ್ಮಿ ವಿಮಾನದ ಬಾಲದ ಹಿಂದೆ, ಸ್ವಲ್ಪ ಮಾತ್ರ ಬಲಕ್ಕೆ. ಎಫ್ ಕಿಟಕಿಯಿಂದ ಮುಂದಕ್ಕೆ, ಪಕ್ಕಕ್ಕೆ ನೋಡಿದ್ರೆ ಕಣ್ಣು ಕೋರೈಸಲ್ಲ. ಹಿಂದಕ್ಕೆ ತಿರುಗಿ ನೋಡಿದ್ರೆ ಮಾತ್ರ ಮಸುಕು. ಹಾಗೇ ನಾನು ಹೇಳಿದ ಕೆರೆ ಹೊಳೆಯೋ ಆಟವೂ ಈ ವಿಮಾನದಲ್ಲಿ ಸಿಗಲ್ಲ. ಅದಕ್ಕೆ ಸೂರ್ಯ ಪಕ್ಕದಲ್ಲಿರಬೇಕು, ಬೆಳಿಗ್ಗೆ ಹೈದರಾಬಾದ್ ಅಥವಾ ದೆಹಲಿಗೆ ಹೋಗೋ ವಿಮಾನದ ಎಫ್ ಕಡೆ ಸಿಗುತ್ತೆ.

ಅಚ್ಚುಕಟ್ಟು
ಬಿಸಿಲಕೋಲು ಅವರ ಲೆಕ್ಕ ಸರಿ. ಆದರೂ ನನ್ನ ಮತ ಎ ಕಡೆಗೇ, ಕೊಯ್ನಾ ಮತ್ತು ಘಟ್ಟದ ಅಂಚು ಬರೋ ಹೊತ್ತಿಗೆ ವಿಮಾನ ಕೆಳಗಿಳಿದಿರುತ್ತೆ, ವಿವರ ಚೆನ್ನಾಗಿ ಸಿಗುತ್ತೆ. ಜೊತೆಗೆ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ. ವಿಮಾನ ಗಾಳಿಗೆ ಎದುರಾಗಿ ಏರೋದ್ರಿಂದ ಪೂರ್ವಕ್ಕೆ ಹೊರಡುತ್ತೆ. ನಂದಿಬೆಟ್ಟ ನಿಲ್ದಾಣದಿಂದ ಉತ್ತರಕ್ಕೆ 20 ಕಿಲೋಮೀಟರ್ ಒಳಗೇ ಇದೆ, ಆಗ ಅದು ಎ ಕಡೆ. ವಾಯವ್ಯಕ್ಕೆ ಹೋಗೋಕೆ ಎಡಕ್ಕೆ ತಿರುಗಿದ್ರಂತೂ ರೆಕ್ಕೆ ಎಡಕ್ಕೆ ಬಾಗಿ ಎ ಕಿಟಕಿ ತುಂಬ ನೆಲ, ಎಫ್ ಕಿಟಕಿ ತುಂಬ ಆಕಾಶ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ, ಆಗ ಪಶ್ಚಿಮಕ್ಕೆ ಏರ್ತಾರೆ, ನಂದಿ ಎಫ್ ಕಡೆಗೆ ಬರುತ್ತೆ.

ಡಿಸೆಂಬರ್ ಬೆಳಿಗ್ಗೆ ದೇವನಹಳ್ಳಿ ಸುತ್ತ ಮಂಜು ಕವಿಯೋದು ಮಾಮೂಲು. ವಿಮಾನ ತಡ ಆಗಬಹುದು, ಆದರೆ ಏರಿದ ಮೇಲೆ ಮಂಜಿನ ಹಾಸಿನಿಂದ ನಂದಿ, ಸ್ಕಂದಗಿರಿ ತುದಿಗಳು ಮಾತ್ರ ಹೊರಗೆ ಕಾಣುತ್ತವೆ. ಅದು ಏರಿದ ಮೊದಲ ಕೆಲವು ನಿಮಿಷ ಮಾತ್ರ, ಆಗ ಫೋನು ತಡಕಾಡ್ತಾ ಕೂರಬೇಡಿ.

ದೂರ ಅಳೆಯೋ ಬಗೆ: ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. 35,000 ಅಡಿಯಲ್ಲಿ ದಿಗಂತ ಸುಮಾರು 370 ಕಿಲೋಮೀಟರ್ ಆಚೆ. ದಿಗಂತದಿಂದ ಒಂದು ಮುಷ್ಟಿ ಕೆಳಗೆ ಕಂಡದ್ದು 45 ಕಿಲೋಮೀಟರ್ ದೂರ, ಎರಡು ಮುಷ್ಟಿ ಕೆಳಗೆ 25, ಮೂರು ಮುಷ್ಟಿ ಕೆಳಗೆ 16. ಎಟಿಆರ್ 17,000 ಅಡಿಯಲ್ಲಿದ್ದರೆ ಈ ಮುಷ್ಟಿ ಲೆಕ್ಕದ ದೂರಗಳನ್ನು ಅರ್ಧ ಮಾಡಿ. ಈ ಲೆಕ್ಕದ ಪ್ರಕಾರ ತುಂಗಭದ್ರಾ ಸುಮಾರು ಎರಡು ಮುಷ್ಟಿ ಕೆಳಗೆ ಬರಬೇಕು. ದಿಗಂತದ ಅಂಚಿಗೆ ಹತ್ತಿದಂತೆ ಯಾವುದೋ ನೀರು ಕಂಡರೆ ಅದು ತುಂಗಭದ್ರಾ ಅಲ್ಲ. ಮಬ್ಬು ಇದ್ದರೆ ದಿಗಂತವೇ ಕಾಣಲ್ಲ, ಆಗ ಈ ಅಳತೆ ಬಿಟ್ಟುಬಿಡಿ.

ಕೆರೆ ಓದೋದು ಸುಲಭ. ಒಂದು ಅಂಚು ನೆಟ್ಟಗೆ ಅಥವಾ ಸ್ವಲ್ಪ ಬಿಲ್ಲಿನಂತೆ ಬಾಗಿದ್ದು, ಉಳಿದ ಅಂಚುಗಳೆಲ್ಲ ಬೆರಳು ಬೆರಳಾಗಿ ಒಡೆದಿದ್ದರೆ ಅದು ಕಟ್ಟಿಸಿದ ಕೆರೆ. ನೆಟ್ಟಗಿನ ಅಂಚೇ ಏರಿ. ಏರಿಯ ಆಚೆಗೆ ಕಡುಹಸಿರು ಪಟ್ಟಿ ಇದ್ದರೆ ಅಚ್ಚುಕಟ್ಟು (ಕೆರೆ ನೀರಿನ ಗದ್ದೆಬಯಲು) ಇನ್ನೂ ಬದುಕಿದೆ, ತೂಬು (ನೀರು ಬಿಡೋ ಕಿಂಡಿ) ಕೆಲಸ ಮಾಡ್ತಿದೆ. ಏರಿಯ ಎರಡೂ ಕಡೆ ಒಂದೇ ಬೂದುಬಣ್ಣ ಇದ್ದರೆ ನೀರು ಬಂದಿಲ್ಲ. ಕೋಡಿಯಿಂದ (ಹೆಚ್ಚಾದ ನೀರು ಹೊರಬೀಳೋ ಜಾಗ) ಹೊರಟ ಹಳ್ಳವನ್ನು ಕಣ್ಣಲ್ಲೇ ಹಿಂಬಾಲಿಸಿ, ಸ್ವಲ್ಪ ದೂರಕ್ಕೆ ಮುಂದಿನ ಕೆರೆ ಸಿಗುತ್ತೆ, ಅದರ ಕೋಡಿಯಿಂದ ಇನ್ನೊಂದು. ಈ ಸರಪಳಿಯನ್ನು ರಸ್ತೆಯಲ್ಲಿ ಹೋಗ್ತಾ ನೋಡೋಕೆ ಸಾಧ್ಯವೇ ಇಲ್ಲ. ನನ್ನ ಪಾಲಿಗೆ ಕಿಟಕಿ ಸೀಟಿನ ದುಡ್ಡು ಇದೊಂದಕ್ಕೇ ಸಲ್ಲುತ್ತೆ.

ಬಜ್ಪೆ_ಬದಿ
ಮಂಗಳೂರಿನ ದಾರಿ ನಾನು ಹೇಳ್ತೇನೆ. ಎಫ್ ಅಂತ ಅಚ್ಚುಕಟ್ಟು ಹೇಳಿದ್ದು ಸರಿಯೇ, ಬಿಸಿಲಿನ ಕಾರಣ ಒಂದು, ಕುದುರೆಮುಖ ಇನ್ನೊಂದು. 1,894 ಮೀಟರ್ ಎತ್ತರದ ಶಿಖರ ನೇರ ದಾರಿಯಿಂದ ಬರೀ 15 ಕಿಲೋಮೀಟರ್ ಉತ್ತರಕ್ಕೆ ಉಂಟು. ವಿಮಾನ ಆಗ ಇಳಿಯಲಿಕ್ಕೆ ಶುರು ಮಾಡಿರ್ತದೆ, ಹಾಗಾಗಿ ಶಿಖರ ಕಿಟಕಿಯ ಮಟ್ಟಕ್ಕೆ ಹತ್ತಿರ ಬಂದ ಹಾಗೆ ಕಾಣ್ತದೆ.

ಅಲ್ಲಿ ನೋಡ್ಲಿಕ್ಕೆ ಇರುವುದು ಶೋಲಾ. ಗುಡ್ಡದ ಬೆನ್ನೆಲ್ಲ ಹುಲ್ಲು, ಡಿಸೆಂಬರ್ ಹೊತ್ತಿಗೆ ಅದು ಹಳದಿಗೆ ತಿರುಗ್ತಾ ಬಂದಿರ್ತದೆ. ಮಡಿಕೆಗಳ ಒಳಗೆ ಮಾತ್ರ ಕಪ್ಪು ಹಸಿರು ಕಾಡು, ಗಡಿ ಕತ್ತರಿಸಿದಷ್ಟು ಸ್ಪಷ್ಟ. ನೀರು ಹರಿಯುವ ಸಾಲು ಎಲ್ಲಿ ಉಂಟೋ ಕಾಡು ಅಲ್ಲಿ. ಅದರ ಉತ್ತರಕ್ಕೆ ಹಳೆ ಕಬ್ಬಿಣದ ಗಣಿಯ ಮೆಟ್ಟಿಲು ಮತ್ತು ಗಣಿಯ ಕೆಸರು ತಡೆಯಲು ಕಟ್ಟಿದ ಲಖ್ಯಾ ಅಣೆಕಟ್ಟು. ಗಣಿಗಾರಿಕೆ 2005ರ ಕೊನೆಗೆ ನಿಂತರೂ ಗುರುತು ಹೋಗಲಿಲ್ಲ. ಆಮೇಲೆ ಘಟ್ಟದ ಕೆಳಗೆ ಬೆಳ್ತಂಗಡಿ ಹತ್ತಿರ ಒಂಟಿಯಾಗಿ ನಿಂತ ಬೋಳು ಬಂಡೆ ಕಂಡರೆ ಅದೇ ಜಮಲಾಬಾದ್, ನಮ್ಮ ಗಡಾಯಿಕಲ್ಲು. ಅದು ದಾರಿಗೆ ತೀರ ಹತ್ತಿರ, ಕೆಲವೊಮ್ಮೆ ವಿಮಾನದ ಹೊಟ್ಟೆಯಡಿಗೇ ಹೋಗ್ತದೆ, ಆಗ ಯಾವ ಕಡೆಯವರಿಗೂ ಇಲ್ಲ.

ಎ ಕಡೆಯಲ್ಲಿ ಏನೂ ಇಲ್ಲ ಅಂತಲ್ಲ ಮಾರಾಯ್ರೆ. ಹೊರಟ ಸ್ವಲ್ಪದರಲ್ಲೇ ಸಾವನದುರ್ಗದ ಬಂಡೆ, ಹಾಸನ ಕಡೆ ಗೊರೂರಿನ ಹೇಮಾವತಿ ಜಲಾಶಯ, ದೂರಕ್ಕೆ ಪುಷ್ಪಗಿರಿ. ಆದ್ರೆ ಡಿಸೆಂಬರ್ ಮಧ್ಯಾಹ್ನ ಎಲ್ಲ ಎದುರು ಬಿಸಿಲು.

ಇಳಿಯುವಾಗ ಎಚ್ಚರ ಇರ್ಲಿ. ರನ್‌ವೇ ಗುಡ್ಡದ ನೆತ್ತಿಯ ಮೇಲೆ ಉಂಟು, ಉದ್ದ 2,450 ಮೀಟರ್. ನೆಲ ಇನ್ನೂ ಆಳದಲ್ಲಿ ಉಂಟು ಅನ್ನುವಾಗಲೇ ಗುಡ್ಡದ ಅಂಚು ಬಂದು ಚಕ್ರ ತಾಗ್ತದೆ. ಪೂರ್ವದಿಂದ ಬಂದು ನೇರ ಇಳಿದರೆ ಅಡಿಕೆ ತೋಟ, ತೆಂಗು ಮಾತ್ರ, ಕಡಲು ಹತ್ತಿರದಿಂದ ಸಿಗುವುದಿಲ್ಲ. ಗಾಳಿ ನೋಡಿ ಕಡಲ ಕಡೆಯಿಂದ ಇಳಿಸಿದರೆ ವಿಮಾನ ತೀರ ದಾಟಿ ನೀರಿನ ಮೇಲೆ ಹೋಗಿ ತಿರುಗಿ ಬರ್ತದೆ, ಆಗ ನೇತ್ರಾವತಿ–ಗುರುಪುರ ನದಿಗಳು ಸೇರುವ ಅಳಿವೆ, ಬೆಂಗ್ರೆಯ ಮರಳಿನ ನಾಲಿಗೆ ನೋಡ್ಲಿಕ್ಕೆ ಅವಕಾಶ.

ಶಟರ್_ವೇಗ
ಫೋಟೋ ತೆಗೆಯೋರಿಗೆ. ಲೆನ್ಸನ್ನು ಕಿಟಕಿಗೆ ಒತ್ತಬೇಡಿ, ವಿಮಾನದ ನಡುಕ ನೇರ ಲೆನ್ಸಿಗೆ ಬರುತ್ತೆ. ಒಂದೆರಡು ಸೆಂಟಿಮೀಟರ್ ಬಿಟ್ಟು ಹಿಡಿದು, ಆ ಸಂದಿಯನ್ನು ಕೈಯಿಂದ ಅಥವಾ ಕಪ್ಪು ಬಟ್ಟೆಯಿಂದ ಮುಚ್ಚಿ. ನೀವು ತೊಟ್ಟ ಬಿಳಿ ಅಂಗಿಯೇ ಗಾಜಿನಲ್ಲಿ ಪ್ರತಿಫಲಿಸೋದು, ಗಾಢ ಬಣ್ಣದ ಬಟ್ಟೆ ಹಾಕ್ಕೊಂಡ್ರೆ ಅರ್ಧ ಸಮಸ್ಯೆ ಮುಗೀತು. ಒಳಗಿನ ಹಾಳೆಯ ಎಣ್ಣೆ ಕಲೆ ಕನ್ನಡಕದ ಬಟ್ಟೆಯಲ್ಲಿ ಒರೆಸಿ, ಒದ್ದೆ ಟಿಶ್ಯೂ ಬೇಡ, ಬಳಿದುಕೊಳ್ಳುತ್ತೆ. ಫೋಕಸ್ ಗೀರಿನ ಮೇಲೆ ಕೂರದ ಹಾಗೆ ದೂರದ ಬೆಟ್ಟದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ. ಕ್ಯಾಮೆರಾ ಆದ್ರೆ ಶಟರ್ 1/500 ಅಥವಾ ಅದಕ್ಕಿಂತ ವೇಗ. ಪೋಲರೈಸರ್ (ಪ್ರತಿಫಲನ ತಗ್ಗಿಸೋ ಫಿಲ್ಟರ್) ಹಾಕಿದ್ರೆ ತೆಗೆದುಬಿಡಿ. ಕಿಟಕಿ ಗಾಜಿನದಲ್ಲ, ಅಕ್ರಿಲಿಕ್. ಅದರೊಳಗಿನ ಬಿಗುವು ಪೋಲರೈಸರ್ ಮೂಲಕ ಕಾಮನಬಿಲ್ಲಿನ ಪಟ್ಟಿಗಳಾಗಿ ಕಾಣುತ್ತೆ.

ಎಟಿಆರ್‌ನಲ್ಲಿ ಮುಂದೆ ಕೂತು ಫೋನಲ್ಲಿ ತೆಗೆದರೆ ಪ್ರೊಪೆಲ್ಲರ್ ಮುರಿದ ತುಂಡುಗಳ ಹಾಗೆ ಬರುತ್ತೆ. ಫೋನಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದೋದ್ರಿಂದ ಹಾಗೆ, ಪ್ರೊಪೆಲ್ಲರ್‌ಗೆ ಏನೂ ಆಗಿರಲ್ಲ.

ರಿವೆಟ್
ಕಿಟಕಿಯ ಬಗ್ಗೆ ಒಂದು ಮಾತು ಸೇರಿಸ್ತೀನಿ, ಕೆಳಭಾಗದಲ್ಲಿರೋ ಸಣ್ಣ ತೂತು ನೋಡಿ ಗಾಬರಿ ಆಗೋರು ಇದ್ದಾರೆ. ಮೂರು ಹಾಳೆ ಇರುತ್ತೆ. ಒಳಗಿನದು ಕೈ ತಾಗದಿರಲಿ ಅಂತ ಹಾಕಿದ ತೆಳು ಹಾಳೆ. ಒತ್ತಡ ತಡೆಯೋದು ಹೊರಗಿನದು, ಅದು ಕೈಕೊಟ್ಟರೆ ನಡುವಿನದು ಹೊರುತ್ತೆ. ತೂತು ಇರೋದು ನಡುವಿನ ಹಾಳೆಯಲ್ಲಿ. ಅದರ ಮೂಲಕ ಒಳಗಿನ ಒತ್ತಡ ಎರಡು ಹಾಳೆಗಳ ಸಂದಿಗೂ ಹೋಗಿ, ಭಾರವೆಲ್ಲ ಹೊರಗಿನ ಹಾಳೆಗೆ ಬೀಳುತ್ತೆ. ಸಂದಿಯ ತೇವವೂ ಅಲ್ಲಿಂದ ಹೊರಗೆ ಹೋಗಿ ಮಂಜು ಕವಿಯೋದು ಕಡಿಮೆ ಆಗುತ್ತೆ. 35,000 ಅಡಿಯಲ್ಲಿ ಹೊರಗೆ ಸುಮಾರು ಮೈನಸ್ 50 ಡಿಗ್ರಿ, ಹಾಗಾಗಿ ತೂತಿನ ಸುತ್ತ ಐಸ್ ಹರಳು ಕಟ್ಟುತ್ತೆ. ಅದನ್ನು ಒರೆಸೋಕೆ ಆಗಲ್ಲ, ಇಳಿಯುವಾಗ ತಾನೇ ಕರಗುತ್ತೆ.

ಏರುವಾಗ, ಇಳಿಯುವಾಗ ಕಿಟಕಿ ಪರದೆ ತೆಗೆದಿಡಿ ಅನ್ನೋದು ನೋಟಕ್ಕಾಗಿ ಅಲ್ಲ, ಹೊರಗೆ ಬೆಂಕಿ ಏನಾದ್ರೂ ಇದ್ದರೆ ಸಿಬ್ಬಂದಿಗೆ ಕಾಣಲಿ ಅಂತ. ಆದರೆ ಸೇನೆಯ ವಾಯುನೆಲೆಗಳಲ್ಲಿ ಬೇರೆ ನಿಯಮ. 2025ರ ಮೇನಲ್ಲಿ ಡಿಜಿಸಿಎ (ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ಆದೇಶ ಬಂದಾಗ, ಮುಖ್ಯವಾಗಿ ಪಶ್ಚಿಮ ಗಡಿ ಹತ್ತಿರದ ಇಂಥ ನಿಲ್ದಾಣಗಳಲ್ಲಿ 10,000 ಅಡಿ ದಾಟೋವರೆಗೆ ಪರದೆ ಮುಚ್ಚಿಸ್ತಿದ್ರು, ತುರ್ತು ಬಾಗಿಲಿನ ಸಾಲು ಬಿಟ್ಟು. ಫೋಟೋ, ವಿಡಿಯೋ ಅಲ್ಲಿ ನಿಷಿದ್ಧ. ಪುಣೆ, ಗೋವಾದ ದಾಬೋಲಿಂ, ನಮ್ಮ ಬೀದರ್ ಇವೆಲ್ಲ ಸೇನೆಯ ನೆಲೆಗಳೇ. ಕ್ಯಾಮೆರಾ ಒಳಗಿಡಿ, ಸಿಬ್ಬಂದಿ ಹೇಳಿದ ಹಾಗೆ ಮಾಡಿ.

ಕಿಟಕಿ_ಹುಡುಕಾಟ
ಏರೋಪ್ಲೇನ್ ಮೋಡ್‌ನಲ್ಲಿ ಜಿಪಿಎಸ್ ನಡೆಯುತ್ತಾ?

ಮಲಪ್ರಭಾ_ತೀರ
ನಡೀತೈತ್ರಿ. ಜಿಪಿಎಸ್ ಬರೇ ಸಿಗ್ನಲ್ ತಗೋತೈತಿ, ಕಳಸೂದಿಲ್ಲ. ಮನ್ಯಾಗ ಇದ್ದಾಗ ಆರ್ಗ್ಯಾನಿಕ್ ಮ್ಯಾಪ್ಸ್ ಇಲ್ಲಾ ಓಸ್ಮ್ಆಂಡ್‌ನಾಗ ಕರ್ನಾಟಕ, ಮಹಾರಾಷ್ಟ್ರ ಎರಡೂ ನಕ್ಷೆ ಇಳಿಸ್ಕೋರಿ. ವಿಮಾನ ನೆಲದ ಮ್ಯಾಲಿದ್ದಾಗನ ಆ್ಯಪ್ ತೆಗೆದು ಜಾಗ ಹಿಡಿಸ್ರಿ. ಹಾರಿದ ಮ್ಯಾಲೆ ಶುರು ಮಾಡಿದ್ರ ನಿಮಿಷಗಟ್ಟಲೆ ಕಾಯಬೇಕಾಗತೈತಿ. ಫೋನು ಕಿಟಕಿಗೆ ಹತ್ತಿರ ಇರಲಿ, ನಡುವಿನ ಸೀಟಿನಾಗ ಸಿಗ್ನಲ್ ಕೈ ಕೊಡತೈತಿ. ವಿಮಾನ ನಿಮಿಷಕ್ಕ 13–14 ಕಿಲೋಮೀಟರ್ ಓಡತೈತಿ, ಅದಕ್ಕ ಮೊದಲು ನಕ್ಷೆಯೊಳಗ ಮುಂದ ಏನು ಬರತೈತಿ ನೋಡಿ, ಆಮೇಲೆ ಕಿಟಕಿಗೆ ಕಣ್ಣು ಹಚ್ಚ್ರಿ. ಕಂಡ ಮ್ಯಾಲೆ ಹುಡುಕಾಕ ಹೋದ್ರ ಹಿಂದ ಹೋಗಿರ್ತೈತಿ.

ಅಚ್ಚುಕಟ್ಟು
ದೆಹಲಿ ಕಡೆ ಹೋಗೋರು ಬೆಳಿಗ್ಗೆ ಎ ತಗೊಂಡ್ರೆ ಏರಿದ ಕಾಲು ಗಂಟೆಯೊಳಗೆ ಪಾವಗಡದ ಸೌರ ಪಾರ್ಕ್ ಸಿಗುತ್ತೆ, 13,000 ಎಕರೆ. ದೂರದಿಂದ ಕೆರೆ ಅನಿಸುತ್ತೆ, ಆದರೆ ಮೂಲೆಗಳೆಲ್ಲ ಚೌಕ, ಬಣ್ಣ ಕಡುನೀಲಿ. ಹಿಮಾಲಯ ಬೇಕಿದ್ದವರಿಗೆ ಒಂದೇ ಸೂತ್ರ: ದೆಹಲಿಯಿಂದ ಕಾಠ್ಮಂಡು, ಬಾಗ್ಡೋಗ್ರಾ, ಗುವಾಹಟಿಗೆ ಹೋಗುವಾಗ ಎ, ಬರುವಾಗ ಎಫ್.

ಕಿಟಕಿ_ಹುಡುಕಾಟ
ಮುಂಬೈಗೆ 5ಎ, ಮಂಗಳೂರಿಗೆ 15ಎಫ್ ಹಾಕಿದೆ. ಮುಂಬೈಯಿಂದ ವಾಪಸ್ ಸಂಜೆ 4:30ಕ್ಕೆ, ಅದಕ್ಕೆ ಯಾವ ಕಡೆ?

ಬಿಸಿಲಕೋಲು
ಅದಕ್ಕೂ ಎ. ವಾಪಸ್ ಬರುವಾಗ ದಿಕ್ಕು ಆಗ್ನೇಯ, ಸೂರ್ಯ ಬಲಕ್ಕೆ, ಹೋಗುವಾಗ ಬಿಟ್ಟ ತುಂಗಭದ್ರಾ ಈಗ ಎಡಕ್ಕೆ. ಏರಿ ಮುಕ್ಕಾಲು ಗಂಟೆ ದಾಟಿದ ಮೇಲೆ ಬರುತ್ತೆ, ಹೊತ್ತಿಗೆ ಸರಿಯಾಗಿ ಹೊರಟರೆ ಇಳಿಬಿಸಿಲು ಇನ್ನೂ ನೆಲದ ಮೇಲಿರುತ್ತೆ. ಅರ್ಧ ಗಂಟೆಗಿಂತ ಜಾಸ್ತಿ ತಡವಾದ್ರೆ ಡ್ಯಾಮು ಸಿಗಲ್ಲ. ಆಗ ಪೂರ್ವದ ದಿಗಂತ ನೋಡಿ. ಅಡಿಯಲ್ಲಿ ನೀಲಿ-ಬೂದು ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ. ಕೆಳಗಿನ ಪಟ್ಟಿ ಮೋಡ ಅಲ್ಲ, ಭೂಮಿಯ ನೆರಳು ವಾತಾವರಣದ ಮೇಲೆ ಬಿದ್ದದ್ದು. ಸೂರ್ಯ ಇಳಿದಷ್ಟೂ ಅದು ಮೇಲೇರುತ್ತೆ, 15–20 ನಿಮಿಷದಲ್ಲಿ ಕತ್ತಲೊಳಗೆ ಸೇರಿಹೋಗುತ್ತೆ.